ಕ್ಲಾಸಿನ ಮರುನಿರೂಪಣೆ: ಪೈಥಾನ್, ರೂಬಿ, ಸ್ಕ್ವೀಕ್‌ಗಳ ಒಂದು ತೌಲನಿಕ ಟಿಪ್ಪಣಿ

ಸಿಮುಲಾ 67ರಲ್ಲಿ ಕ್ಲಾಸ್ ಎಂಬುದು ಕಂಪೈಲರ್ ಓದಿ ಮುಗಿಸುವ ಘೋಷಣೆ. ಪ್ರೋಗ್ರಾಂ ಓಡತೊಡಗಿದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ. ಸ್ಮಾಲ್‌ಟಾಕ್‌ನಲ್ಲೂ ಅದರ ಪ್ರಭಾವಕ್ಕೆ ಒಳಗಾದ ಹಲವು ಭಾಷೆಗಳಲ್ಲೂ ಕ್ಲಾಸೇ ಒಂದು ಆಬ್ಜೆಕ್ಟ್. ಅದು ರನ್‌ಟೈಮ್‌ನಲ್ಲಿ ಹುಟ್ಟುತ್ತದೆ. ಇವನ್ನೆಲ್ಲ ‘ಡೈನಮಿಕ್’ ಎಂದು ಒಟ್ಟಿಗೆ ಸೇರಿಸುವುದು ರೂಢಿ. ಆದರೆ ಒಂದು ಪ್ರಶ್ನೆ ಕೇಳಿದರೆ ಅವು ಬೇರೆಬೇರೆಯಾಗಿ ನಿಲ್ಲುತ್ತವೆ: ಅದೇ ಹೆಸರಿನ ಕ್ಲಾಸನ್ನು ಎರಡನೇ ಸಲ ನಿರೂಪಿಸಿದರೆ, ಆಗಲೇ ಹುಟ್ಟಿರುವ ಆಬ್ಜೆಕ್ಟ್‌ಗಳು ಏನಾಗುತ್ತವೆ?

ಪೈಥಾನ್‌ನಲ್ಲಿ ಕ್ಲಾಸಿನ ಒಡಲು ಸಾಲುಸಾಲಾಗಿ ಓಡುವ ಕೋಡ್. ಅದರೊಳಗೆ ಷರತ್ತೂ ಇರಬಹುದು, ಲೂಪೂ ಇರಬಹುದು. ಅಲ್ಲಿ ಹುಟ್ಟಿದ ಹೆಸರುಗಳೆಲ್ಲ ಒಂದು ಡಿಕ್ಷನರಿ ಸೇರುತ್ತವೆ. ಕೊನೆಗೆ ಕ್ಲಾಸಿನ ಹೆಸರು, ಮೂಲ ಕ್ಲಾಸುಗಳು ಮತ್ತು ಆ ಡಿಕ್ಷನರಿ ಮೆಟಾಕ್ಲಾಸ್‌ಗೆ, ಸಾಮಾನ್ಯವಾಗಿ ‘ಟೈಪ್’ಗೆ, ಹೋಗುತ್ತವೆ. ಅದು ಕಟ್ಟಿಕೊಟ್ಟ ಆಬ್ಜೆಕ್ಟೇ ಕ್ಲಾಸ್. ‘ಟೈಪ್’ ಅನ್ನು ಇದೇ ಮೂರರೊಡನೆ ನೇರವಾಗಿ ಕರೆದರೂ ಕ್ಲಾಸ್ ಸಿಗುತ್ತದೆ. ಹೀಗಾಗಿ ಅದೇ ಕೋಡ್ ಮತ್ತೆ ಓಡಿದರೆ ಹುಟ್ಟುವುದು ಹೊಸ ಕ್ಲಾಸ್. ಹಳೆಯ ಆಬ್ಜೆಕ್ಟ್‌ಗಳು ಹಳೆಯ ಕ್ಲಾಸಿಗೇ ಸೇರಿರುತ್ತವೆ. ಜುಪಿಟರ್ ನೋಟ್‌ಬುಕ್ಕಿನಲ್ಲಿ ಕ್ಲಾಸ್ ಇರುವ ಸೆಲ್ಲನ್ನು ಮತ್ತೆ ಓಡಿಸಿದಾಗ ‘ಈಸ್‌ಇನ್‌ಸ್ಟನ್ಸ್’ ಪರೀಕ್ಷೆಯಲ್ಲಿ ಹಳೆಯ ಆಬ್ಜೆಕ್ಟ್ ಸೋಲುವುದು ಇದರಿಂದಲೇ.

ರೂಬಿಯಲ್ಲಿಯೂ ಒಡಲು ಓಡುವ ಕೋಡೇ. ಆದರೆ ಆ ಹೆಸರಿನ ಕ್ಲಾಸ್ ಆಗಲೇ ಇದ್ದರೆ ರೂಬಿ ಅದನ್ನೇ ಮತ್ತೆ ತೆರೆಯುತ್ತದೆ. ಹೊಸ ಮೆಥಡ್ ಹಳೆಯ ಆಬ್ಜೆಕ್ಟ್‌ಗಳಿಗೂ ತಕ್ಷಣ ಸಿಗುತ್ತದೆ. ಎರಡನೇ ಸಲ ಬೇರೊಂದು ಮೂಲ ಕ್ಲಾಸನ್ನು ಹೆಸರಿಸಿದರೆ ಮಾತ್ರ ಎರರ್ ಬರುತ್ತದೆ. ಭಾಷೆಯದೇ ಆದ ‘ಸ್ಟ್ರಿಂಗ್’ ಕ್ಲಾಸನ್ನೂ ಹೀಗೆ ತೆರೆಯಬಹುದಾದ್ದರಿಂದ, ಇಂಥ ಬದಲಾವಣೆಯ ವ್ಯಾಪ್ತಿಗೆ ಮಿತಿ ಹಾಕುವ ರಿಫೈನ್‌ಮೆಂಟ್ ಸೌಲಭ್ಯ 2013ರ ರೂಬಿ 2.0ರಲ್ಲಿ ಪ್ರಾಯೋಗಿಕವಾಗಿ ಬಂತು.

ಸ್ಮಾಲ್‌ಟಾಕ್‌ನ ಒಂದು ರೂಪವಾದ ಸ್ಕ್ವೀಕ್ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಮೂಲ ಕ್ಲಾಸಿಗೆ ಸಂದೇಶ ಕಳಿಸಿ ಹೊಸ ಕ್ಲಾಸನ್ನು ಪಡೆಯಬೇಕು. ಅದೇ ಸಂದೇಶವನ್ನು ಇನ್ನೊಂದು ಇನ್‌ಸ್ಟನ್ಸ್ ವೇರಿಯಬಲ್ ಸೇರಿಸಿ ಕಳಿಸಿದರೆ, ಮೆಥಡ್‌ಗಳು ಮತ್ತೆ ಕಂಪೈಲ್ ಆಗಿ, ಇರುವ ಆಬ್ಜೆಕ್ಟ್‌ಗಳೆಲ್ಲ ಹಳೆಯ ಮೌಲ್ಯಗಳನ್ನು ಉಳಿಸಿಕೊಂಡು ಹೊಸ ಆಕಾರಕ್ಕೆ ಬರುತ್ತವೆ; ಹೊಸ ವೇರಿಯಬಲ್‌ನಲ್ಲಿ ‘ನಿಲ್’ ಇರುತ್ತದೆ. ಇಡೀ ವ್ಯವಸ್ಥೆಯನ್ನು ಇಮೇಜ್ ಆಗಿ ಡಿಸ್ಕಿಗೆ ಉಳಿಸಿ ಮುಂದುವರಿಸುವ ಪರಿಸರಕ್ಕೆ ಇದು ಅಗತ್ಯ: ಅಲ್ಲಿ ಆಬ್ಜೆಕ್ಟ್‌ಗಳ ಆಯುಸ್ಸು ಪ್ರೋಗ್ರಾಮಿನ ಒಂದು ಓಟಕ್ಕೆ ಮುಗಿಯುವುದಿಲ್ಲ.

ಆದ್ದರಿಂದ ‘ರನ್‌ಟೈಮ್‌ನಲ್ಲಿ ಕ್ಲಾಸ್ ನಿರೂಪಣೆ’ ಎಂಬ ಮಾತಿನೊಳಗೆ ಹೊಸದಾಗಿ ಕಟ್ಟುವುದು, ಇದ್ದುದನ್ನು ತೆರೆಯುವುದು, ಆಬ್ಜೆಕ್ಟ್‌ಗಳ ಸಮೇತ ಬದಲಿಸುವುದು ಎಂಬ ಮೂರು ಕ್ರಿಯೆಗಳಿವೆ. ಪಠ್ಯಪುಸ್ತಕಗಳು ಈ ಮೂರನ್ನು ಬಿಡಿಸಿ ಹೇಳಬೇಕು. ಪೈಥಾನ್ ಬಳಸುವವರು ಕ್ಲಾಸನ್ನು ಮತ್ತೆ ನಿರೂಪಿಸಿದಾಗ ಹಳೆಯ ಆಬ್ಜೆಕ್ಟ್‌ಗಳನ್ನೂ ಹೊಸದಾಗಿ ರಚಿಸಿಕೊಳ್ಳುವುದು ಕ್ಷೇಮ.