ಬೆಳ್ಳಾರೆಯಿಂದ ಬಾವುಟಗುಡ್ಡೆಗೆ: 1837ರ ಅಮರ ಸುಳ್ಯ ದಂಗೆಯ ಜಾಡು ಮತ್ತು ಸ್ಮಾರಕಗಳು

1837ರ ಮಾರ್ಚ್ ಕೊನೆಗೆ ಸುಳ್ಯದ ಕಾಡುಮೂಲೆಯಿಂದ ಹೊರಟ ರೈತರ ದಂಡು ವಾರದೊಳಗೆ ಮಂಗಳೂರನ್ನು ಮುಟ್ಟಿತು. ಸಿಪಾಯಿ ದಂಗೆಗೆ ಇನ್ನೂ 20 ವರ್ಷ ಬಾಕಿ ಇದ್ದ ಕಾಲವದು. ದಂಗೆಯ ನಾಯಕ ಕಲ್ಯಾಣಸ್ವಾಮಿಯ ಹೆಸರಿನಿಂದ ಊರವರ ಬಾಯಲ್ಲಿ ಇದು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಆಗಿಯೇ ಉಳಿದಿತ್ತು. ದಂಗೆಯ ಕಾರಣಗಳ ಬಗ್ಗೆ, ನಾಯಕರ ಬಗ್ಗೆ ಬರಹಗಳು ಬಂದಿವೆ. ಆದರೆ ಅದು ನಡೆದ ದಾರಿಯನ್ನೇ ಒಂದು ದಾಖಲೆಯಾಗಿ ಓದುವ ಕೆಲಸ ಸಾಕಷ್ಟು ಆಗಿಲ್ಲ. ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಈ ಜಾಡಿನಲ್ಲಿ ಆಸಕ್ತರನ್ನು ಗುಂಪಾಗಿ ಕರೆದೊಯ್ಯುವುದಾದರೆ ಯಾವುದನ್ನು ತೋರಿಸಬೇಕು, ಏನು ಹೇಳಬೇಕು ಎಂಬುದನ್ನು ಈ ಲೇಖನ ವಿಚಾರಿಸುತ್ತದೆ.

ರಣಭೂಮಿಯ ಪ್ರವಾಸಕ್ಕೆ ಯುರೋಪಿನಲ್ಲಿ ದೀರ್ಘ ಚರಿತ್ರೆಯಿದೆ. 1815ರಲ್ಲಿ ಯುದ್ಧ ನಡೆದ ವಾಟರ್‌ಲೂ ಬಯಲಿಗೆ ಪ್ರವಾಸಿಗರು ಬೇಗನೆ ಬರತೊಡಗಿದರು. 1855ರಲ್ಲಿ ಥಾಮಸ್ ಕುಕ್ ಯುರೋಪಿನ ಭೂಖಂಡಕ್ಕೆ ತನ್ನ ಮೊದಲ ತಂಡವನ್ನು ಕರೆದೊಯ್ದಾಗ ದಾರಿಯಲ್ಲಿ ಆ ಬಯಲೂ ಇತ್ತು. ಮೊದಲ ಮಹಾಯುದ್ಧ ಮುಗಿಯುವ ಮುನ್ನವೇ, 1917ರಲ್ಲಿ, ಮಿಶೆಲಿನ್ ಟೈರ್ ಕಂಪೆನಿ ರಣಭೂಮಿಗಳ ಮಾರ್ಗದರ್ಶಿ ಪುಸ್ತಕಗಳನ್ನು ಅಚ್ಚು ಹಾಕಿಸಿತು. ಈ ಚರಿತ್ರೆಯಲ್ಲಿ ನಮಗೆ ಬೇಕಾದ ಎಚ್ಚರಿಕೆಯೂ ಇದೆ, ಮಾದರಿಯೂ ಇದೆ. ವಾಟರ್‌ಲೂವಿನಲ್ಲಿ 1826ರಲ್ಲಿ ಪೂರ್ಣಗೊಂಡ ಸಿಂಹದ ದಿಬ್ಬಕ್ಕೆ 226 ಮೆಟ್ಟಿಲುಗಳಿವೆ. ಅದನ್ನು ಎಬ್ಬಿಸಲು ಅದೇ ರಣಭೂಮಿಯ ದಿಣ್ಣೆಯ ಮಣ್ಣನ್ನು ಅಗೆದು ತಂದರು. ವೆಲ್ಲಿಂಗ್ಟನ್ ಸೈನ್ಯ ನಿಂತಿದ್ದ ನೆಲದ ಏರುತಗ್ಗೇ ಹೀಗೆ ಅಳಿಸಿಹೋಯಿತು. ಇನ್ನೊಂದೆಡೆ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ಉದ್ಘಾಟನೆಯಾದ ಭಾರತೀಯ ಸ್ಮಾರಕದ ಗೋಡೆಯಲ್ಲಿ, ಸಮಾಧಿ ಸಿಗದ 4,700ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಸಾಮಾನ್ಯ ಸಿಪಾಯಿಯ ಹೆಸರಿಗೂ ಅಲ್ಲಿ ಕಲ್ಲಿನ ಮೇಲೆ ಜಾಗವಿದೆ.

ಆದರೆ ಅಮರ ಸುಳ್ಯದಲ್ಲಿ ವಾಟರ್‌ಲೂವಿನಂಥ ಬಯಲಿಲ್ಲ. ಎರಡು ಸೈನ್ಯಗಳು ಎದುರುಬದುರು ನಿಂತು ತೀರ್ಮಾನ ಮಾಡಿಕೊಂಡ ಜಾಗವನ್ನು ಹುಡುಕಿ ಹೊರಟವನಿಗೆ ನಿರಾಶೆಯೇ ಗತಿ. ಇಲ್ಲಿನ ಮುಖ್ಯ ನೆಲೆಗಳೆಂದರೆ ಖಜಾನೆ, ಕಚೇರಿ, ಕಡವು, ನೇಣುಗಂಬ. ಇವನ್ನು ಒಂದಕ್ಕೊಂದು ಜೋಡಿಸುವುದು ಕಂದಾಯ. ರೈತನ ಅಂಗಳದಿಂದ ಮಾಗಣೆಯ (ಹಳ್ಳಿಗಳ ಗುಂಪಿನ) ಖಜಾನೆಗೆ, ಅಲ್ಲಿಂದ ಮಂಗಳೂರಿನ ಹುಜೂರು ಕಚೇರಿಗೆ (ಜಿಲ್ಲೆಯ ಮುಖ್ಯ ಕಚೇರಿಗೆ) ಹಣ ಸಾಗುತ್ತಿದ್ದ ದಿಕ್ಕಿನಲ್ಲೇ ದಂಡೂ ಸಾಗಿತು. ಆದ್ದರಿಂದ ಈ ಜಾಡನ್ನು ರಣಭೂಮಿಯೆಂದಲ್ಲ, ಕಂದಾಯದ ದಾರಿಯೆಂದು ಓದಬೇಕು ಎಂಬುದು ನನ್ನ ವಾದ.

ಹಿನ್ನೆಲೆ ಹೀಗಿದೆ. ಟಿಪ್ಪುವಿನ ವಿರುದ್ಧದ ಯುದ್ಧಗಳಲ್ಲಿ ನೆರವಾದ ಕೊಡಗಿನ ಅರಸನಿಗೆ ಈಸ್ಟ್ ಇಂಡಿಯಾ ಕಂಪೆನಿ 19ನೇ ಶತಮಾನದ ಆರಂಭದಲ್ಲಿ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಬಿಟ್ಟುಕೊಟ್ಟಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳಿಸಿ ಕೊಡಗನ್ನು ವಶಪಡಿಸಿಕೊಂಡ ಮೇಲೆ, ಈ ಮಾಗಣೆಗಳನ್ನು ಮತ್ತೆ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ತೀರುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಬೇಕಾಯಿತು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ಹೊತ್ತು ಹಾಕಿದರೆ ಋಣ ತೀರುತ್ತಿದ್ದವನು, ಈಗ ಆ ಮುಡಿಯನ್ನು ಸಾಹುಕಾರನಿಗೆ ಅವನು ಹೇಳಿದ ಬೆಲೆಗೆ ಮಾರಿ, ಬಂದ ರೂಪಾಯಿಯನ್ನು ಕಂತಿನ ಗಡುವಿನೊಳಗೆ ಕಟ್ಟಬೇಕು. ಧಾನ್ಯದ ಧಾರಣೆ ಕುಸಿದಿದ್ದ ಕಾಲ ಬೇರೆ. ಕೆನರಾದ ಉಳಿದೆಡೆ 1830-31ರಲ್ಲೇ ರೈತರು ಕೂಟ ಸೇರಿ ಕಂದಾಯ ಕಟ್ಟಲು ನಿರಾಕರಿಸಿದ್ದರು. ಉಪ್ಪು, ಹೊಗೆಸೊಪ್ಪುಗಳೂ ಕಂಪೆನಿಯ ಏಕಸ್ವಾಮ್ಯದಲ್ಲಿದ್ದವು. ಗಂಜಿಗೆ ಹಾಕುವ ಉಪ್ಪು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಎರಡಕ್ಕೂ ಸರ್ಕಾರದ ಬೆಲೆ ತೆರಬೇಕಿತ್ತು. ಅರಸನ ಮೇಲಿನ ನಿಷ್ಠೆಯೊಂದೇ ದಂಗೆಗೆ ಕಾರಣ ಎನ್ನುವವರು ಈ ಲೆಕ್ಕವನ್ನು ಮರೆಯಬಾರದು.

ಜಾಡಿನ ಮೊದಲ ನೆಲೆ ಸುಳ್ಯ ಪೇಟೆಗೆ ಹತ್ತಿರದ ಉಬರಡ್ಕ ಮಿತ್ತೂರು, ದಂಗೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಊರು. ಮಗನ ಮದುವೆಯ ನೆಪದಲ್ಲಿ ಅವರು ಜನ ಕೂಡಿಸಿದರೆಂದು ಮೌಖಿಕ ಪರಂಪರೆ ಹೇಳುತ್ತದೆ. 'ಮದುವೆಗದ್ದೆ' ಎಂಬ ಹೆಸರು ಇಂದಿಗೂ ಆ ಕಥೆಯನ್ನು ಹಿಡಿದಿಟ್ಟಿದೆ. ಜನ ಸೇರಿದ್ದು ಮಾರ್ಚ್ 30ರಂದು. ಕಂಪೆನಿಯ ಪಕ್ಷದವನೆಂದು ಜನರ ದ್ವೇಷಕ್ಕೆ ಗುರಿಯಾಗಿದ್ದ ಅಟ್ಲೂರು ರಾಮಪ್ಪಯ್ಯನ ಕೊಲೆಯೊಂದಿಗೆ ದಂಗೆ ತೊಡಗಿತು. ಮುಂದಿನ ಗುರಿ ಬೆಳ್ಳಾರೆಯ ಖಜಾನೆ. ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿರುವ ಹಳೆಯ ಖಜಾನೆ ಕಟ್ಟಡವನ್ನು ಈ ಜಾಡಿನ ಅತಿ ಮುಖ್ಯ ಸಾಕ್ಷಿ ಎಂದು ನಾನು ಎಣಿಸುತ್ತೇನೆ. ಪ್ರತಿಮೆಗಳು ನಂತರ ಬಂದವು, ಸಭೆ ಸಮಾರಂಭಗಳೂ ನಂತರದವು. ದಂಗೆ ಯಾವುದರ ವಿರುದ್ಧ ಎಂಬುದನ್ನು ಖಜಾನೆಯ ಗೋಡೆಗಳಷ್ಟು ನೇರವಾಗಿ ಬೇರೇನೂ ಹೇಳಲಾರದು. ಅದರ ಸಂರಕ್ಷಣೆ ಇದ್ದ ಕಲ್ಲನ್ನು ಇದ್ದಂತೆಯೇ ಉಳಿಸಿ, ಹೊಸ ಅಲಂಕಾರದ ಭಾರವಿಲ್ಲದೆ ನಡೆಯಬೇಕು. ವಾಟರ್‌ಲೂವಿನ ದಿಬ್ಬ ಕಲಿಸುವುದು ಇದನ್ನೇ.

ಬೆಳ್ಳಾರೆಯಿಂದ ದಂಡು ಕವಲೊಡೆಯಿತು. ಒಂದು ಕವಲು ಕಾಸರಗೋಡು, ಕುಂಬಳೆಯ ಕಡೆಗೆ. ಇನ್ನೊಂದು ಸುಬ್ರಹ್ಮಣ್ಯ, ಬಿಸಿಲೆ ಘಟ್ಟದ ಕಡೆಗೆ. ಮತ್ತೊಂದು ಉಪ್ಪಿನಂಗಡಿ, ಧರ್ಮಸ್ಥಳದ ಕಡೆಗೆ. ಮುಖ್ಯ ದಂಡು ಪುತ್ತೂರಿನ ದಾರಿ ಹಿಡಿಯಿತು. ಇವತ್ತಿನ ಕಡಬ ತಾಲೂಕಿಗೆ ಸೇರುವುದು ಸುಬ್ರಹ್ಮಣ್ಯದ ಕವಲು. ಕುಜುಗೋಡು ಮನೆತನದ ಗೌಡರು ಈ ಭಾಗದಲ್ಲಿ ಜನರನ್ನು ಎಬ್ಬಿಸಿದರು. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಈ ದಂಗೆಯನ್ನೇ 'ಕಲ್ಯಾಣಸ್ವಾಮಿ' ಕಾದಂಬರಿಯ ವಸ್ತುವಾಗಿಸಿದರು. ದಂಗೆ ಕನ್ನಡ ಓದುಗರ ಮನೆಗೆ ತಲುಪಿದ್ದರಲ್ಲಿ ಆ ಕಾದಂಬರಿಯ ಪಾಲು ದೊಡ್ಡದು.

ಪುತ್ತೂರಿಗೆ ಸ್ವತಃ ಕೆನರಾದ ಕಲೆಕ್ಟರ್ ಲೆವಿನ್ ಸಿಪಾಯಿಗಳೊಡನೆ ಬಂದು, ನಿಲ್ಲಲಾಗದೆ ಮಂಗಳೂರಿಗೆ ಹಿಂದಿರುಗಬೇಕಾಯಿತು. ಘಟನಾವಳಿಯ ತಿರುವು ಇದೇ. ಆದರೂ ಈ ಊರಲ್ಲಿ ಆ ಹಿಂಜರಿತದ ನೆನಪು ಮಸುಕು. ಸೋಮವಾರದ ಸಂತೆ ಕೂಡುವ ಕಿಲ್ಲೆ ಮೈದಾನದ ಹೆಸರಲ್ಲಿ ಕೋಟೆಯ ನೆನಪೇನೋ ಉಳಿದಿದೆ; ಸಂತೆಗೆ ಬಂದವರಿಗೆ 1837ರ ಸುದ್ದಿ ಹೇಳುವ ಫಲಕವೊಂದು ಅಲ್ಲಿ ತಕ್ಕುದು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಡುವೆ ಪಾಣೆಮಂಗಳೂರಿನಲ್ಲಿ ನೇತ್ರಾವತಿ ಅಡ್ಡ. ಆಗ ಸೇತುವೆಯಿಲ್ಲ, ದೋಣಿಯೇ ದಾರಿ. ಕಡವಿನ ಎರಡೂ ದಡಗಳಲ್ಲಿ ನಿಂತು ನೋಡಿದರೆ, ಇಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸನಂಥ ಸ್ಥಳೀಯ ಒಡೆಯರ ಬೆಂಬಲವಿಲ್ಲದೆ ದಂಡು ಮುಂದೆ ಸಾಗುವುದು ಎಷ್ಟು ಕಷ್ಟವಿತ್ತೆಂದು ತಿಳಿಯುತ್ತದೆ. ಗೌಡರು, ಜೈನ ಬಂಗರಸ, ಬಂಟರು, ಕುಡಿಯರು, ಮುಸ್ಲಿಮರು ಈ ದಂಗೆಯಲ್ಲಿ ಸೇರಿದ್ದರು. ಇದನ್ನು ಒಂದೇ ಜಾತಿಯ ಹೆಮ್ಮೆಯಾಗಿ ಕುಗ್ಗಿಸುವುದು ಚರಿತ್ರೆಗೆ ಅಪಚಾರ.

ಏಪ್ರಿಲ್ 5ರಂದು ಮಂಗಳೂರು ವಶವಾಯಿತು. ಅಲ್ಲಿನ ಬಾವುಟಗುಡ್ಡೆಯಲ್ಲಿ ಧ್ವಜವೇರಿತು. ಜನಪ್ರಿಯ ಬರಹಗಳು 13 ದಿನದ ಆಳ್ವಿಕೆ ಎನ್ನುತ್ತವೆ. ಕಣ್ಣೂರು ಮತ್ತು ಮುಂಬಯಿಯಿಂದ ಸೈನ್ಯ ಬಂದ ಮೇಲೆ ಎಲ್ಲವೂ ಬೇಗ ಮುಗಿಯಿತು. ನಾಯಕರಿಗೆ ನೇಣು, ಹಲವರಿಗೆ ಸಿಂಗಾಪುರ ಮೊದಲಾದ ಕಡೆಗೆ ಗಡಿಪಾರು. ದಂಗೆಯ ಇನ್ನೊಬ್ಬ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಈ ದಂಗೆಯ ಮೊದಲ ಸ್ಮಾರಕ ಗೆದ್ದವರದು ಎಂಬುದನ್ನು ಗಮನಿಸಬೇಕು. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಚಿನ್ನ ಮತ್ತು ಬೆಳ್ಳಿಯ ಪದಕ ಹೊಡೆಸಿ ಹಂಚಿತು. ಪದಕದ ಒಂದು ಮುಖದಲ್ಲಿ ಕೊಡವ ಯೋಧ, ಸುತ್ತ ಕನ್ನಡ ಲಿಪಿ; ಇನ್ನೊಂದು ಮುಖದಲ್ಲಿ ಕೊಡಗಿನ ಆಯುಧಗಳು ಮತ್ತು ಇಂಗ್ಲಿಷ್ ಬರಹ. ಸೋತವರ ಸ್ಮಾರಕಕ್ಕೆ ಬಹಳ ಕಾಲ ಹಿಡಿಯಿತು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ನಿಂತಿತು. ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಎರಡೂ ಸ್ವಾಗತಾರ್ಹ. ಆದರೆ ಎರಡೂ ಜಾಡಿನ ತುದಿಗಳಲ್ಲಿವೆ, ಎರಡೂ ನಾಯಕರವು. ದಂಡಿನಲ್ಲಿ ನಡೆದವರ ಹೆಸರನ್ನು ವಿಚಾರಣೆಯ ಕಡತಗಳಿಂದ, ಮನೆತನಗಳ ನೆನಪಿನಿಂದ ಒಟ್ಟುಮಾಡಿ, ನವ್ ಶಾಪೆಲ್‌ನ ಗೋಡೆಯ ರೀತಿಯಲ್ಲಿ, ಹುದ್ದೆಯ ಹಿರಿಕಿರಿತನ ನೋಡದೆ ಬೆಳ್ಳಾರೆಯಲ್ಲಿ ಕೆತ್ತಿಸಬೇಕು.

ಜಾಡಿನ ಕೊನೆಯ ನೆಲೆ ಮಂಗಳೂರಿನ ಬಿಕರ್ನಕಟ್ಟೆ. ಕಲ್ಯಾಣಸ್ವಾಮಿಯನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಗಲ್ಲಿಗೇರಿಸಿದ್ದು ಅಲ್ಲಿ. ಮಾರ್ಗದರ್ಶಕನಿಗೆ ಅತ್ಯಂತ ಕಠಿಣವಾದ ಪ್ರಶ್ನೆ ಎದುರಾಗುವುದೂ ಅಲ್ಲೇ: ಗಲ್ಲಿಗೇರಿದ ಈ ಕಲ್ಯಾಣಸ್ವಾಮಿ ಯಾರು? ಅರಸುಮನೆತನದವರೆಂದು ಹೇಳಿಕೊಂಡ ಅಪರಾಂಪರ ಸ್ವಾಮಿ ಹಾಗೂ ಮೊದಲ ಕಲ್ಯಾಣಸ್ವಾಮಿ ದಂಡು ಹೊರಡುವ ಮುನ್ನವೇ ಕಂಪೆನಿಯ ಸೆರೆಯಲ್ಲಿದ್ದರು. ದಂಡನ್ನು ನಡೆಸಿ ಗಲ್ಲಿಗೇರಿದವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ರೈತರು ಅವನಿಗೆ ಕಲ್ಯಾಣಸ್ವಾಮಿಯ ಪಟ್ಟ ಕಟ್ಟಿದ್ದರು. ಕಂಪೆನಿಯ ಕಡತಕ್ಕೆ ಇದು ಬರೀ ವಂಚನೆಯಾಗಿ ಕಂಡಿತು. ಆದರೆ ಗೊತ್ತಿದ್ದೂ ಅವನ ಹಿಂದೆ ನಡೆದ ಕೆದಂಬಾಡಿ, ಕುಜುಗೋಡು ಮನೆತನದವರು ಮೋಸಹೋದವರಲ್ಲ. ಕಂದಾಯದ ವಿರುದ್ಧ ಜನರನ್ನು ಒಗ್ಗೂಡಿಸಲು ಅರಸನ ಹೆಸರು ಬೇಕೆಂದು ತಿಳಿದು ಆರಿಸಿಕೊಂಡವರು. ಬಿಕರ್ನಕಟ್ಟೆಯಲ್ಲಿ ಫಲಕ ಹಾಕುವಾಗ ಎರಡೂ ಹೆಸರು ಬರಲಿ: ಮೊದಲು ಪುಟ್ಟಬಸಪ್ಪ, ಅದರ ಕೆಳಗೆ ಕಲ್ಯಾಣಸ್ವಾಮಿ.