ಕಾರುವ ಕಾರ

ಬೇಗೂರು ಮುಖ್ಯರಸ್ತೆಯ ಪಾನಿಪುರಿ ಗಾಡಿಯ ಮುಂದೆ ಮೊನ್ನೆ ಸಂಜೆ ಒಬ್ಬ ಹುಡುಗಿ, ಮಾತಿನ ಧಾಟಿ ನೋಡಿದರೆ ಅಪ್ಪಟ ಮೈಸೂರು ಕಡೆಯವಳು, "ಅಣ್ಣಾ, ಸ್ವಲ್ಪ ಸ್ಪೈಸಿ ಜಾಸ್ತಿ ಹಾಕಿ" ಅಂದಳು. ಗಾಡಿಯವನು ಉತ್ತರದ ಕಡೆಯವನು. ಒಂದು ಗಳಿಗೆ ತಡೆದು, "ಖಾರಾ ಬೇಕಾ?" ಅಂತ ಕೇಳಿದ. ಕನ್ನಡದ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಹಿಂದಿಯವನು ಕನ್ನಡಕ್ಕೆ ತಿದ್ದಿ ವಾಪಸ್ ಕೊಟ್ಟ. ಅವಳು "ಹಾಂ, ಸ್ಪೈಸಿ" ಅಂದಳು.

ಸ್ಪೈಸಿಯನ್ನು ಹಾಕುವುದು ಹೇಗೆ ಅನ್ನುವ ವ್ಯಾಕರಣದ ತಕರಾರು ಬಿಡೋಣ. ನನ್ನ ತಕರಾರು ಬೇರೆ. ಚಕ್ಕೆ ಲವಂಗ ಹೆಚ್ಚಾದರೂ ಸ್ಪೈಸಿ, ಕಾಳುಮೆಣಸು ಹೆಚ್ಚಾದರೂ ಸ್ಪೈಸಿ, ಹಸಿಮೆಣಸಿನಕಾಯಿ ಕಣ್ಣಲ್ಲಿ ನೀರು ತರಿಸಿದರೂ ಸ್ಪೈಸಿ. ಒಗ್ಗರಣೆಗೆ ಬಿದ್ದ ಒಣಮೆಣಸಿನಕಾಯಿ ಮನೆಮಂದಿಯನ್ನೆಲ್ಲ ಕೆಮ್ಮಿಸಿದರೆ ಅದಕ್ಕೆ ಘಾಟು ಅನ್ನುವ ಬೇರೆಯದೇ ಮಾತಿದೆ. ಈಗ "ತುಂಬಾ ಸ್ಪೈಸಿ ಸ್ಮೆಲ್" ಅನ್ನುವುದನ್ನೂ ಕೇಳಿದ್ದಾಯಿತು. ಮೊಬೈಲಿನಲ್ಲಿ ಊಟ ತರಿಸುವವರಿಗೆ ಆ ಮಾತೂ ಬೇಕಿಲ್ಲ. ತಿಂಡಿಯ ಹೆಸರಿನ ಪಕ್ಕ ಸಣ್ಣ ಕೆಂಪು ಮೆಣಸಿನಕಾಯಿ ಬರೆದಿರುತ್ತಾರೆ, ಎಣಿಸಿಕೊಂಡರೆ ಸಾಕು.

ಬೇಗೂರು, ಆನೇಕಲ್ಲು, ಸರ್ಜಾಪುರದ ಹಳಬರ ಬಾಯಲ್ಲಿ ಅದು ಕಾರ. ಮಹಾಪ್ರಾಣ ಶಾಲೆಗೆ ಹೋದವರು ಅಂಟಿಸಿಕೊಂಡದ್ದು. "ಸಾರಿಗೆ ಕಾರ ರುಬ್ಬಿದ್ಯೇನೇ?" ಅಂತ ಅತ್ತೆ ಕೇಳಿದರೆ ಕಾಯಿ, ಧನಿಯ, ಈರುಳ್ಳಿ, ಮೆಣಸಿನಕಾಯಿ ಎಲ್ಲ ಸೇರಿದ ಮಸಾಲೆ ಅಂತ ಅರ್ಥ. ಅದಕ್ಕೇ ಬರೀ ಮೆಣಸಿನಕಾಯಿ ಬೀಸಿದ್ದನ್ನು ಬೇರೆ ಮಾಡಿ ಅಚ್ಚಕಾರದ ಪುಡಿ ಅನ್ನಬೇಕಾಯಿತು. ಹಿಟ್ಟಿನ ಗಿರಣಿಗಳಲ್ಲಿ ರಾಗಿಗೆ ಒಂದು ಮಿಷನ್ನು, ಕಾರಕ್ಕೆ ಇನ್ನೊಂದು. ಎರಡನೆಯದರ ಸರದಿಯಲ್ಲಿ ನಿಂತವರನ್ನು ಅವರ ಸೀನಿನಿಂದಲೇ ಗುರುತಿಸಬಹುದು. ಇಂಥ ಕಾರ ಸುಮ್ಮನೆ ಇರುವ ವಸ್ತುವಲ್ಲ. ಸಿಹಿ ಇರುತ್ತದೆ, ಹುಳಿ ಇರುತ್ತದೆ, ಕಾರ ಹತ್ತುತ್ತದೆ. ಬೆಂಕಿ ಹತ್ತುವ ಹಾಗೆ ನಾಲಿಗೆಗೆ ಹತ್ತುತ್ತದೆ, ಮರ ಹತ್ತುವ ಹಾಗೆ ನೆತ್ತಿಗೂ ಹತ್ತುತ್ತದೆ. ಆಗ ಯಾರಾದರೂ ತಲೆ ತಟ್ಟಿ "ಯಾರೋ ನೆನೆಸಿಕೊಂಡ್ರು" ಅನ್ನಬೇಕು, ತಪ್ಪಿದ್ದು ಮೆಣಸಿನಕಾಯಿ ಅಳತೆಯಾದರೂ.

ಈ ಮಾತು ಎಲ್ಲಿಂದ ಬಂತು? ನಿಘಂಟು ತೆಗೆದರೆ ಒಂದು ಸಂಸ್ಕೃತ ಪದದ ಕಡೆ ಕೈ ತೋರಿಸುತ್ತದೆ. ತೋರಿಸಲಿ. ನನ್ನ ಪಕ್ಷ ಬೇರೆ, ಅದನ್ನು ಹಿಡಿದು ಬಹಳ ಕಾಲವಾಯಿತು. ಕಾರ ಹುಟ್ಟಿದ್ದು ಕಾರು ಅನ್ನುವ ಕ್ರಿಯೆಯಿಂದ. ಹಾವು ವಿಷ ಕಾರುತ್ತದೆ, ಕೋಪ ಬಂದವನು ಕೆಂಡ ಕಾರುತ್ತಾನೆ, ಹಸಿಮೆಣಸಿನಕಾಯಿ ಕಚ್ಚಿದವನು ಕಣ್ಣಲ್ಲಿ ಮೂಗಲ್ಲಿ ಇರುವುದನ್ನೆಲ್ಲ ಕಾರುತ್ತಾನೆ. ಇನ್ನೇನು ಸಾಕ್ಷಿ ಬೇಕು? ಭಾಷಾವಿಜ್ಞಾನ ಓದಿದ ಸ್ನೇಹಿತರೊಬ್ಬರು ಇದನ್ನು ಕೇಳಿ ನಕ್ಕರು. ಅವರಿಗೆ ನಮ್ಮ ಬೇಗೂರಿನದೇ ಉತ್ತರ ಕೊಟ್ಟೆ. ಇಲ್ಲಿನ ನಾಗನಾಥೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನವಿದೆ, ಅದರಲ್ಲಿ ಬೆಂಗಳೂರು ಕಾಳಗದ ಮಾತಿದೆ. ಅಂದರೆ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನುವ ಕಥೆಗೆ ಹೆಚ್ಚುಕಮ್ಮಿ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಹಾಗಂತ ಯಾರಾದರೂ ಬೆಂದ ಕಾಳನ್ನು ಬಿಟ್ಟರೇ? ಆಟೋದವರಿಂದ ಹಿಡಿದು ಭಾಷಣಕಾರರವರೆಗೆ ಇವತ್ತಿಗೂ ಅದನ್ನೇ ಬಡಿಸುತ್ತಾರೆ. ಒಂದು ಊರಿಗೆ ಸಿಕ್ಕ ರಿಯಾಯಿತಿ ಒಂದು ಪದಕ್ಕೂ ಸಿಗಲಿ.

ಇನ್ನು ಗಾದೆಯ ವಿಚಾರ. ನಮ್ಮ ಪಕ್ಕದ ಮನೆಯ ತಮಿಳು ಅಜ್ಜಿ, ಗಿಡ್ಡನೆಯ ಮೊಮ್ಮಗನನ್ನು ಯಾರಾದರೂ ಕುಳ್ಳ ಅಂದರೆ, ಥಟ್ಟನೆ "ಕಡುಗು ಸಿರುತ್ತಾಲುಂ ಕಾರಂ ಕುರೈಯಾದು" ಅನ್ನುತ್ತಾರೆ. ಸಾಸಿವೆ ಸಣ್ಣದಾದರೂ ಕಾರ ಕಮ್ಮಿಯಾಗದು. ಸಣ್ಣದಿದ್ದೂ ಕಾರವಾಗಿರುವುದಕ್ಕೆ ಇವತ್ತು ಯಾರನ್ನೇ ಕೇಳಿ, ಸೂಜಿಮೆಣಸು ಅಂತಾರೆ. ಮಲೆನಾಡಿನವರಾದರೆ ಜೀರಿಗೆ ಮೆಣಸು ಅಂತಾರೆ, ಹಿತ್ತಿಲಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಎದ್ದ ಗಿಡದ್ದು. ಹಾಗಿರುವಾಗ ಗಾದೆಗೆ ಸಾಸಿವೆಯೇ ಯಾಕೆ ಬೇಕಾಯಿತು? ಗಾದೆ ಕಟ್ಟಿದ ಹೊತ್ತಿಗೆ ಮೆಣಸಿನಕಾಯಿ ಈ ನೆಲಕ್ಕೆ ಬಂದೇ ಇರಲಿಲ್ಲ ಅಂತ ನನ್ನ ಲೆಕ್ಕ. ಅದು ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ತಲುಪಿದ ಮೇಲೆ ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದದ್ದು. ಬೆಂಗಳೂರು ಕಾಳಗದಲ್ಲಿ ಸತ್ತ ಬೇಗೂರಿನ ವೀರ ಮೆಣಸಿನಕಾಯಿ ಕಂಡವನಲ್ಲ; ಅವನಿಗೆ ನಾಲಿಗೆ ಚುರ್ ಅಂದಿದ್ದರೆ ಅದು ಕಾಳುಮೆಣಸಿನಿಂದ, ಸಾಸಿವೆಯಿಂದ, ಶುಂಠಿಯಿಂದ.

ನಮ್ಮ ಗಾದೆಗಳನ್ನೂ ತಡಕಿ ನೋಡಿ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಿದೆ. ಬೇವಿದೆ, ಬೆಲ್ಲವಿದೆ, ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪಲ್ಲ ಅಂತಿದೆ. ದಿನಾ ಮೂರು ಹೊತ್ತು ತಿನ್ನುವ ಮೆಣಸಿನಕಾಯಿ ಈ ಮನೆತನದಲ್ಲಿ ಇನ್ನೂ ಹೊಸ ಸೊಸೆ. ಹೆಸರು ಕೂಡ ಸ್ವಂತದ್ದಲ್ಲ, ಹಳೆಯ ಮೆಣಸಿನಿಂದ ಕಡ ತಂದು ಬಾಲಕ್ಕೆ ಕಾಯಿ ಕಟ್ಟಿಕೊಂಡದ್ದು. ಕರಾವಳಿಯವರಂತೂ ಹಳೆಯದನ್ನು ಒಳ್ಳೆಮೆಣಸು ಅಂತ ಕರೆದು, ಹೊಸದರ ಗುಣದ ಬಗ್ಗೆ ಏನೂ ಹೇಳದೆ ಎಲ್ಲ ಹೇಳಿಬಿಟ್ಟರು. ಉಪ್ಪಿನ ಗಾದೆ ಕಾರಕ್ಕೆ ಹೊಂದುವುದೂ ಇಲ್ಲ. ಕಾರ ತಿಂದವ ನೀರು ಕುಡಿದರೆ ಉರಿ ಬಾಯಿ ತುಂಬಾ ಹರಡುತ್ತದೆ ಅಷ್ಟೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಎಣ್ಣೆ ತುಪ್ಪಕ್ಕೆ ಬಗ್ಗುತ್ತದೆ. ಬಿಸಿ ತಾಗಿದರೆ ಎಚ್ಚರಾಗುವ ನರದ ಬಾಗಿಲನ್ನೇ ಅದೂ ತಟ್ಟುತ್ತದೆ ಎಂದು ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು.

ನನಗೆ ಆ ಬಾಗಿಲು ತೆರೆದುಕೊಂಡದ್ದು ಸ್ನೇಹಿತನ ಮನೆಯಲ್ಲಿ. ಅವನ ತಾಯಿ ಬ್ಯಾಡಗಿ ಹತ್ತಿರದ ಹಳ್ಳಿಯವರು, ಮಗನ ಜೊತೆಗಿರಲೆಂದು ಬೇಗೂರಿನ ಅಪಾರ್ಟ್‌ಮೆಂಟಿಗೆ ಬಂದವರು. ತಟ್ಟೆಗೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿ "ಖಾರ ಹಚ್ಚಿಕೊಳ್ರೀ" ಅಂದರು. ಆ ಕಡೆ ಖಾರ ಅಂದರೆ ತಿನ್ನುವ ಪದಾರ್ಥ. ಹಸಿ ಖಾರ, ಕೆಂಪ ಖಾರ ಅಂತ ಭರಣಿಯಲ್ಲಿ ಕೂತಿರುತ್ತದೆ. ಅವತ್ತಿನದು ರಂಜಕ. ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಸೇರಿಸಿ ಕುಟ್ಟಿದ್ದು, ಕುಂಕುಮಕ್ಕಿಂತ ಒಂದು ಕೈ ಮೇಲಿನ ಕೆಂಪು. ಬ್ಯಾಡಗಿಯದು ಬರೀ ಬಣ್ಣ, ಖಾರ ಕಮ್ಮಿ ಅಂತ ಎಲ್ಲರಿಗೂ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದರ ಹಿಂದೆ ಆ ಬಣ್ಣದ ಪಾಲು ದೊಡ್ಡದು. ಅದೇ ಧೈರ್ಯದ ಮೇಲೆ ಬೆರಳಗಲ ಹಚ್ಚಿಕೊಂಡೆ. ಮೊದಲು ಹುಳಿ, ಆಮೇಲೆ ಬೆಳ್ಳುಳ್ಳಿ, ಆಮೇಲೆ ಏನೂ ಇಲ್ಲ. ಎರಡನೆಯ ತುತ್ತಿಗೆ ತುಟಿಯ ಅಂಚು ಚುರುಗುಟ್ಟಿತು. ಅಲ್ಲಿಂದ ಕಿವಿಯ ಹಿಂಭಾಗಕ್ಕೆ ಹೋಯಿತು, ಅಲ್ಲಿಂದ ನೆತ್ತಿಗೆ. ಬಿಕ್ಕಳಿಕೆ ಶುರುವಾಯಿತು. ನೀರಿನ ಲೋಟಕ್ಕೆ ಕೈ ಹಾಕಿದರೆ ಅಮ್ಮ ಲೋಟವನ್ನೇ ಆಚೆ ಸರಿಸಿದರು. "ನೀರ ಕುಡೀಬ್ಯಾಡ್ರೀ, ಬೆಣ್ಣಿ ತಿನ್ರಿ. ಬ್ಯಾಡಗಿ ಬಣ್ಣಕ್ಕಷ್ಟ ಹಾಕೇನಿ, ಖಾರಕ್ಕ ಲವಂಗಿ ಐತಿ." ಬೆಣ್ಣೆಯುಂಡೆ ನಾಲಿಗೆಯ ಮೇಲೆ ಕರಗಿದ ಮೇಲೇ ಮಾತು ಹೊರಟಿದ್ದು. ಆ ಹೊತ್ತಿಗೆ ಅವರ ಆರು ವರ್ಷದ ಮೊಮ್ಮಗಳು ಅದೇ ರಂಜಕಕ್ಕೆ ಎಣ್ಣೆ ಕಲಸಿಕೊಂಡು, ಟೀವಿ ನೋಡುತ್ತಾ, ಎರಡನೇ ರೊಟ್ಟಿಯಲ್ಲಿದ್ದಳು.

ಅಂದಹಾಗೆ ಹಿಂದೆ ತುಪಾಕಿಗೆ ಕಿಡಿ ಹೊತ್ತಿಸುವ ಮದ್ದಿನ ಹೆಸರೂ ರಂಜಕವೇ. ಅದೂ ಬೆಂಕಿ ಕಾರುವುದೇ. ಭಾಷಾವಿಜ್ಞಾನದ ಸ್ನೇಹಿತರಿಗೆ ಇದನ್ನಿನ್ನೂ ಹೇಳಿಲ್ಲ.

ಬೆಂಗಳೂರಿನಲ್ಲಿ ಆಗಿರುವುದೇ ಬೇರೆ. ಇಲ್ಲಿ ಖಾರ ಅಂದರೆ ಸಿಹಿ ಅಲ್ಲದ್ದು, ಅಷ್ಟೆ. ಖಾರಾಬಾತ್ ಖಾರವಲ್ಲ, ಕೇಸರಿಬಾತ್ ಅಲ್ಲ ಎಂದು ತಿಳಿಸಲು ಆ ಹೆಸರು. ಸಿಹಿ ಪೊಂಗಲ್ ಆಚೆಗಿರುವುದು ಖಾರ ಪೊಂಗಲ್, ಮಗುವಿಗೂ ತಿನ್ನಿಸಬಹುದು. ನಿಶ್ಚಿತಾರ್ಥದ ತಟ್ಟೆಯಲ್ಲಿ ಒಂದು ಸಿಹಿ, ಒಂದು ಖಾರ. ಆ ಖಾರ ಕೆಲವೊಮ್ಮೆ ಬರೀ ಆಲೂಗಡ್ಡೆ ಚಿಪ್ಸು. ಕಾರುವುದಿರಲಿ, ಕೆಮ್ಮಿಸುವ ಶಕ್ತಿಯೂ ಹೋಗಿ ಪದ ಗಾಜಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯಾಗಿದೆ. ಖಾರ ಇಷ್ಟು ಸಪ್ಪೆಯಾದ ಮೇಲೆ ನಿಜವಾದ ಉರಿ ಬೇಕಾದವರು ಸ್ಪೈಸಿ ಅನ್ನದೆ ಇನ್ನೇನು ಅಂದಾರು ಅಂತ ಆ ಹುಡುಗಿಯ ಪರ ವಾದಿಸಬಹುದು. ನಾನು ವಾದಿಸುವುದಿಲ್ಲ. ಅಯ್ಯಂಗಾರ್ ಬೇಕರಿಯ ಖಾರಾ ಬನ್ನು ಮಾತ್ರ ಇನ್ನೂ ಸ್ವಲ್ಪ ಮಾನ ಉಳಿಸಿಕೊಂಡಿದೆ: ಅದರೊಳಗೆ ಈರುಳ್ಳಿ, ಕೊತ್ತಂಬರಿ, ಹೆಚ್ಚಿದ ಹಸಿಮೆಣಸಿನಕಾಯಿ ಸಿಗುತ್ತದೆ. ನಮ್ಮ ಬೀದಿಯ ಬೇಕರಿಯಲ್ಲಿ ಅದನ್ನೂ ಕಮ್ಮಿ ಮಾಡಿದ್ದಾರೆ. ಯಾಕಪ್ಪಾ ಅಂದರೆ, "ಏನ್ ಮಾಡೋದು ಸಾರ್, ಖಾರಾ ಬನ್ನಲ್ಲಿ ಖಾರ ಅಂತ ಕಂಪ್ಲೇಂಟು."