ಧ್ವನಿಮತ, ತಲೆ ಎಣಿಕೆ, ಹೆಸರುಪಟ್ಟಿ: ಕಡೂರು ಸೀಮೆಯ ಪ್ರತಿನಿಧಿಗಳ ಮತದ ಚರಿತ್ರೆ

ಸಿಂಗಟಗೆರೆ ಕಡೂರು ತಾಲ್ಲೂಕಿನ ಬಯಲುಸೀಮೆಯ ಹೋಬಳಿ. ಈ ಹೋಬಳಿಯೂ ಸುತ್ತಲಿನ ಕಡೂರು, ಬೀರೂರು, ತರೀಕೆರೆ ಭಾಗಗಳೂ ಸುಮಾರು 140 ವರ್ಷಗಳಿಂದ ಒಂದಲ್ಲ ಒಂದು ಸಭೆಗೆ ಪ್ರತಿನಿಧಿಗಳನ್ನು ಕಳಿಸುತ್ತ ಬಂದಿವೆ: ಮೊದಲು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ, ಆಮೇಲೆ ವಿಧಾನಮಂಡಲಕ್ಕೆ ಮತ್ತು ಲೋಕಸಭೆಗೆ. ಹೀಗೆ ಹೋದವರು ಬೇರೆ ಬೇರೆ ಪ್ರಸ್ತಾವಗಳ ಮೇಲೆ ಹೇಗೆ ಮತ ಹಾಕಿದರು ಎಂಬುದನ್ನು ಎಲ್ಲ ಕಾಲದಲ್ಲೂ ಒಂದೇ ಅಳತೆಯಿಂದ ಅಳೆಯಲಾಗದು. ಮತವನ್ನು ಹೇಗೆ ತೆಗೆದುಕೊಂಡರು, ಹೆಸರು ದಾಖಲಾಯಿತೇ, ಪಕ್ಷದ ಕಟ್ಟಳೆ ಎಷ್ಟು ಬಿಗಿಯಾಗಿತ್ತು ಎಂಬ ಮೂರು ಸಂಗತಿಗಳು ಕಾಲಕಾಲಕ್ಕೆ ಬದಲಾಗಿವೆ. ಈ ಸೀಮೆಯ ರಾಜಕೀಯ ಚರಿತ್ರೆಯಲ್ಲಿ ಮೂರಕ್ಕೂ ಉದಾಹರಣೆಗಳು ಸಿಗುತ್ತವೆ.

ದಿವಾನ್ ಸಿ. ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. 1947ರವರೆಗೂ ಆ ಹೆಸರೇ ಇತ್ತು. ಮೊದಲ ಸಭೆಗೆ ಸಂಸ್ಥಾನದ ಜಿಲ್ಲೆಗಳಿಂದ 144 ಮಂದಿ ಬಂದಿದ್ದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ದಿವಾನರು ವರ್ಷದ ಆಡಳಿತ ವರದಿ ಓದುತ್ತಿದ್ದರು, ಸದಸ್ಯರು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಅಹವಾಲಿಗೆ ಉತ್ತರ ಸಿಗುತ್ತಿತ್ತೇ ಹೊರತು ಅದರ ಮೇಲೆ ಮತ ನಡೆಯುತ್ತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಕಾಯ್ದೆಗಳು ಎರಡೂ ಸಭೆಗಳಿಗೆ ಕಾನೂನಿನ ನೆಲೆ ಕೊಟ್ಟವು: ಮಸೂದೆಗಳ ಮೂಲತತ್ತ್ವದ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕಾಯಿತು, ಬಜೆಟ್ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ನ್ಯಾಯವಿಧಾಯಕ ಸಭೆಗೆ ದೊರೆಯಿತು. ಆದರೂ ಮತದಿಂದ ಸರ್ಕಾರ ಬೀಳುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ದಿವಾನರು ಉತ್ತರ ಹೇಳಬೇಕಾಗಿದ್ದದ್ದು ಮಹಾರಾಜರಿಗೆ. ಪ್ರತಿನಿಧಿಯ ಮತಕ್ಕೆ ಸರ್ಕಾರವನ್ನು ಉಳಿಸುವ ಅಥವಾ ಇಳಿಸುವ ಬಲ ಬಂದದ್ದು ಸ್ವಾತಂತ್ರ್ಯದ ನಂತರ.

ಸಂವಿಧಾನದ 100ನೇ ವಿಧಿ ಸಂಸತ್ತಿಗೂ 189ನೇ ವಿಧಿ ರಾಜ್ಯ ವಿಧಾನಮಂಡಲಕ್ಕೂ ಒಂದೇ ನಿಯಮ ಹಾಕಿಕೊಟ್ಟಿವೆ. ಹಾಜರಿದ್ದು ಮತ ಹಾಕಿದವರ ಬಹುಮತವೇ ತೀರ್ಮಾನ. ಸಭಾಧ್ಯಕ್ಷರು ಮೊದಲಿಗೆ ಮತ ಹಾಕುವಂತಿಲ್ಲ, ಸಮಸಮ ಬಂದರೆ ಮಾತ್ರ ನಿರ್ಣಾಯಕ ಮತ. ಸಾಮಾನ್ಯವಾಗಿ ನಡೆಯುವುದು ಧ್ವನಿಮತ. ಪರವಾಗಿರುವವರು ಹೌದು ಎನ್ನಿ, ವಿರೋಧವಿರುವವರು ಇಲ್ಲ ಎನ್ನಿ ಎಂದು ಪೀಠ ಕೇಳುತ್ತದೆ, ಯಾವ ದನಿ ಜೋರಾಗಿ ಕೇಳಿತೋ ಅದರ ಪರವಾಗಿ ತೀರ್ಪು ಹೇಳುತ್ತದೆ. ಯಾರಾದರೂ ಒಪ್ಪದೆ ಪಟ್ಟು ಹಿಡಿದರೆ ಮತವಿಭಜನೆ. ಆಗ ಗಂಟೆ ಬಾರಿಸುತ್ತದೆ, ಮೊಗಸಾಲೆಯಲ್ಲಿದ್ದವರು ಒಳಗೆ ಬರುತ್ತಾರೆ, ಬಾಗಿಲು ಮುಚ್ಚುತ್ತದೆ. ವಿಧಾನಸಭೆಯಲ್ಲಿ ಸದಸ್ಯರು ಸಾಲುಸಾಲಾಗಿ ಎದ್ದು ನಿಲ್ಲುತ್ತಾರೆ. ಸಚಿವಾಲಯದ ಸಿಬ್ಬಂದಿ ಪ್ರತಿ ಸಾಲನ್ನೂ ಎಣಿಸಿ ಬರೆದುಕೊಳ್ಳುತ್ತಾರೆ. ಲೋಕಸಭೆಯಲ್ಲಿ 1957ರಿಂದ ವಿದ್ಯುತ್ ಯಂತ್ರದ ಏರ್ಪಾಡಿದೆ. ಸದಸ್ಯರು ತಮ್ಮ ಆಸನದ ಗುಂಡಿ ಒತ್ತುತ್ತಾರೆ. ಪರ, ವಿರೋಧ, ತಟಸ್ಥ ಎಂಬ ಮೂರು ಲೆಕ್ಕಗಳು ಫಲಕದ ಮೇಲೆ ಮೂಡುತ್ತವೆ, ಹೆಸರುಗಳು ಕಲಾಪದ ಮುದ್ರಿತ ವರದಿಗೆ ಸೇರುತ್ತವೆ. ಯಾರು ಯಾವ ಕಡೆ ನಿಂತರು ಎಂದು ಹೋಲಿಸಿ ನೋಡುವವರಿಗೆ ಗಟ್ಟಿ ಆಧಾರವೆಂದರೆ ಈ ಹೆಸರುಪಟ್ಟಿಯೇ. ಧ್ವನಿಮತದಲ್ಲಿ ಉಳಿಯುವುದು ಫಲಿತಾಂಶ ಮಾತ್ರ.

ಕಡೂರು ಸೀಮೆಯ ಮತ ದೇಶದ ಗಮನಕ್ಕೆ ಬಂದದ್ದು 1978ರಲ್ಲಿ. ಆಗ ಕಡೂರು, ಬೀರೂರು, ತರೀಕೆರೆ ವಿಧಾನಸಭಾ ಕ್ಷೇತ್ರಗಳು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದವು. 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೆ ಬಂದಿದ್ದವು. ಚಿಕ್ಕಮಗಳೂರಿನಿಂದ ಗೆದ್ದವರು ಡಿ.ಬಿ. ಚಂದ್ರೇಗೌಡ. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಗಾಗಿ ಅವರು ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು. ಅಂದಿನ ಮುಖ್ಯಮಂತ್ರಿ ದೇವರಾಜ ಅರಸು ಅವರೇ ಪ್ರಚಾರದ ಹೊಣೆ ಹೊತ್ತಿದ್ದರು.

ಇಂದಿರಾ ಗಾಂಧಿ ಸದನಕ್ಕೆ ಕಾಲಿಡುವ ಹೊತ್ತಿಗೆ ಅವರ ವಿರುದ್ಧ ಹಕ್ಕುಚ್ಯುತಿಯ ವಿಚಾರಣೆ ಮುಗಿಯುತ್ತ ಬಂದಿತ್ತು. ಮಾರುತಿ ಕಂಪನಿಯ ಬಗ್ಗೆ 1974–75ರಲ್ಲಿ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಕಿರುಕುಳ ಕೊಡಲಾಯಿತು, ಹಾಗೆ ಸದನದ ಕೆಲಸಕ್ಕೆ ಅಡ್ಡಿಯಾಯಿತು ಎಂಬುದು ದೂರು. ಸಮರ್ ಗುಹಾ ಅಧ್ಯಕ್ಷತೆಯ ಹಕ್ಕುಬಾಧ್ಯತಾ ಸಮಿತಿ ವಿಚಾರಣೆ ನಡೆಸಿತು. ಸಮಿತಿಯ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳಲು ಇಂದಿರಾ ಒಪ್ಪಲಿಲ್ಲ. ಸಮಿತಿ ಅವರನ್ನೂ, ಅವರ ಕಚೇರಿಯಲ್ಲಿದ್ದ ಆರ್.ಕೆ. ಧವನ್ ಮತ್ತು ಸಿಬಿಐ ನಿರ್ದೇಶಕರಾಗಿದ್ದ ಡಿ. ಸೇನ್ ಅವರನ್ನೂ ತಪ್ಪಿತಸ್ಥರೆಂದಿತು. ಶಿಕ್ಷೆ ಏನೆಂಬುದನ್ನು ನಿರ್ಧರಿಸುವ ಕೆಲಸ ಸದನಕ್ಕೆ ಬಂತು.

ಡಿಸೆಂಬರ್ 19ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಮಂಡಿಸಿದ ಗೊತ್ತುವಳಿ ಎರಡು ಶಿಕ್ಷೆಗಳನ್ನು ಒಟ್ಟಿಗೆ ಸೂಚಿಸಿತು: ಸದಸ್ಯತ್ವದಿಂದ ಉಚ್ಚಾಟನೆ ಮತ್ತು ಅಧಿವೇಶನ ಮುಗಿಯುವವರೆಗೆ ಸೆರೆವಾಸ. ಪೀಠದಲ್ಲಿದ್ದವರು ಕಾರ್ಕಳ ಸೀಮೆಯ ಕೌಡೂರಿನವರಾದ ಕೆ.ಎಸ್. ಹೆಗ್ಡೆ. ಇಂದಿರಾ ಸರ್ಕಾರ 1973ರಲ್ಲಿ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ಹಿರಿತನ ಬದಿಗಿಟ್ಟಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದ ಮೂವರು ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. 1977ರಲ್ಲಿ ಕರ್ನಾಟಕದಿಂದ ಜನತಾ ಪಕ್ಷದ ಟಿಕೆಟ್ ಮೇಲೆ ಗೆದ್ದ ಇಬ್ಬರಲ್ಲೂ ಒಬ್ಬರು. ಮತವಿಭಜನೆಯಲ್ಲಿ ಪರವಾಗಿ 279, ವಿರುದ್ಧ 138 ಬಂದವು. 37 ಮಂದಿ ತಟಸ್ಥರಾಗಿ ಉಳಿದರು. ಇಂದಿರಾ ಗಾಂಧಿಯನ್ನು ತಿಹಾರ್ ಜೈಲಿಗೆ ಕರೆದೊಯ್ಯಲಾಯಿತು. ಡಿಸೆಂಬರ್ 26ರಂದು ಬಿಡುಗಡೆಯಾಯಿತು. ಆರು ವಾರಗಳ ಹಿಂದಷ್ಟೇ ಆರಿಸಿ ಕಳಿಸಿದ್ದ ಕ್ಷೇತ್ರಕ್ಕೆ ಸದನದಲ್ಲಿ ಪ್ರತಿನಿಧಿಯೇ ಇಲ್ಲದಾಯಿತು.

ಈ ಮೂರು ಅಂಕಿಗಳನ್ನು ಕೂಡಿದರೆ 454. ಸದನದ ಬಲ 540ಕ್ಕೂ ಹೆಚ್ಚಿದ್ದುದರಿಂದ ಸುಮಾರು 90 ಮಂದಿ ಲೆಕ್ಕದ ಹೊರಗೇ ಉಳಿದರು. ವಿರುದ್ಧ ಬಿದ್ದ 138 ಆಗಿನ ಇಂದಿರಾ ಕಾಂಗ್ರೆಸ್ಸಿನ ಲೋಕಸಭಾ ಬಲಕ್ಕಿಂತ ದೊಡ್ಡದು. ಅಂದರೆ ಇಂದಿರಾ ಅವರ ಪಕ್ಷದವರಲ್ಲದವರೂ ಈ ಶಿಕ್ಷೆಯನ್ನು ಒಪ್ಪಲಿಲ್ಲ. ಹಿಂದಿನ ಲೋಕಸಭೆಯ ಕಾಲದಲ್ಲಿ ನಡೆದ ಹಕ್ಕುಚ್ಯುತಿಗೆ ಇನ್ನೊಂದು ಲೋಕಸಭೆ ಶಿಕ್ಷೆ ಕೊಡಬಹುದೇ, ಮತದಾರರು ಮತ್ತೆ ಆರಿಸಿದವರನ್ನು ಹೊರಹಾಕುವುದು ಸರಿಯೇ ಎಂಬ ಪ್ರಶ್ನೆಗಳಿದ್ದವು.

ಅದೇ ಡಿಸೆಂಬರಿನ ಮೊದಲ ವಾರ ಅದೇ ಸದನ ಇನ್ನೊಂದು ಮಹತ್ವದ ವಿಷಯದ ಮೇಲೆ ಮತ ಹಾಕಿತ್ತು. ತುರ್ತುಪರಿಸ್ಥಿತಿಯ ದುರ್ಬಳಕೆ ತಡೆಯಲು ಜನತಾ ಸರ್ಕಾರ ತಂದ ಮಸೂದೆ ರಾಜ್ಯಸಭೆಯಿಂದ ಕೆಲವು ತಿದ್ದುಪಡಿಗಳೊಂದಿಗೆ ಹಿಂತಿರುಗಿತ್ತು. ಮುಂದೆ ಅದು 44ನೇ ತಿದ್ದುಪಡಿಯೆಂದು ಹೆಸರಾಯಿತು. ತುರ್ತುಪರಿಸ್ಥಿತಿ ಘೋಷಿಸಲು ಆಂತರಿಕ ಕ್ಷೋಭೆ ಎಂಬ ಕಾರಣವನ್ನು ತೆಗೆದು ಸಶಸ್ತ್ರ ಬಂಡಾಯ ಎಂಬ ಕಾರಣವನ್ನು ಸೇರಿಸಿದ್ದು ಅದೇ ತಿದ್ದುಪಡಿ. ಚಿಕ್ಕಮಗಳೂರಿನ ಸದಸ್ಯೆ ಇಂದಿರಾ ಗಾಂಧಿ ಅದರ ಪರವಾಗಿ ಮತ ಹಾಕಿದರು. 1975ರಲ್ಲಿ ಆಂತರಿಕ ಕ್ಷೋಭೆಯ ಹೆಸರಿನಲ್ಲೇ ತುರ್ತುಪರಿಸ್ಥಿತಿ ಹೇರಿದ್ದವರು ಆ ಕಾರಣವನ್ನು ಸಂವಿಧಾನದಿಂದ ಅಳಿಸಲು ಕೈಜೋಡಿಸಿದಂತಾಯಿತು. ಒಂದು ಮತದಲ್ಲಿ ಜನತಾ ಸದಸ್ಯರೂ ಇಂದಿರಾ ಅವರೂ ಒಂದೇ ಕಡೆ; ಎರಡು ವಾರ ಕಳೆಯುವಷ್ಟರಲ್ಲಿ ನಡೆದ ಇನ್ನೊಂದರಲ್ಲಿ ಎದುರುಬದುರು. ಎರಡಕ್ಕೂ ಬೇಕಾದ ಬಹುಮತದ ಪ್ರಮಾಣವೂ ಬೇರೆ. ಸಂವಿಧಾನ ತಿದ್ದುಪಡಿಗೆ 368ನೇ ವಿಧಿಯಂತೆ ಸದನದ ಒಟ್ಟು ಬಲದ ಬಹುಮತವೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವೂ ಬೇಕು. ಸದಸ್ಯರೊಬ್ಬರನ್ನು ಉಚ್ಚಾಟಿಸಲು ಸಾದಾ ಬಹುಮತ ಸಾಕು.

1980ರ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 353 ಸ್ಥಾನ ಗೆದ್ದಿತು. 1981ರ ಮೇ 7ರಂದು ಏಳನೇ ಲೋಕಸಭೆ ಹಳೆಯ ಉಚ್ಚಾಟನೆಯ ನಿರ್ಣಯವನ್ನೇ ರದ್ದುಪಡಿಸಿತು. ಎರಡೂವರೆ ವರ್ಷದೊಳಗೆ ಒಂದೇ ಪ್ರಶ್ನೆಗೆ ಲೋಕಸಭೆ ಎರಡು ವಿರುದ್ಧ ಉತ್ತರ ಕೊಟ್ಟಂತಾಯಿತು. ಬದಲಾದದ್ದು ಸದನದ ರಚನೆ. ಪ್ರಕರಣದ ಸಂಗತಿಗಳು ಹಾಗೇ ಇದ್ದವು. ಸದಸ್ಯರನ್ನು ಉಚ್ಚಾಟಿಸುವ ಅಧಿಕಾರ ಸಂಸತ್ತಿಗಿದೆಯೇ ಎಂಬ ವಿವಾದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2007ರಲ್ಲಿ. ಪ್ರಶ್ನೆ ಕೇಳಲು ಲಂಚ ಪಡೆದ ಆರೋಪದ ಮೇಲೆ 2005ರಲ್ಲಿ ಸ್ಥಾನ ಕಳೆದುಕೊಂಡ ಸಂಸದರ ಪ್ರಕರಣದಲ್ಲಿ ಕೋರ್ಟು ಆ ಅಧಿಕಾರವನ್ನು ಎತ್ತಿಹಿಡಿಯಿತು.

1985ರ ನಂತರ ಮತದ ದಾಖಲೆಯ ಅರ್ಥವೇ ಬದಲಾಯಿತು. ಆ ವರ್ಷದ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಹೀಗೇ ಮತ ಹಾಕಬೇಕೆಂದು ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಅಥವಾ ಹಾಕದೆ ಉಳಿದರೆ, ಸದಸ್ಯತ್ವಕ್ಕೇ ಕುತ್ತು. ಅಲ್ಲಿಂದ ಮುಂದೆ ವಿಪ್ ಇರುವ ಮತದಲ್ಲಿ ಪ್ರತಿನಿಧಿಯ ಸ್ವಂತ ನಿಲುವು ಏನಿತ್ತೆಂದು ಹೇಳುವುದು ಕಷ್ಟ. ಚಿಕ್ಕಮಗಳೂರು ಕ್ಷೇತ್ರದ ಮುಂದಿನ ವರ್ಷಗಳಲ್ಲಿ ಇದು ಕಾಣುತ್ತದೆ. 1996ರಲ್ಲಿ ಇಲ್ಲಿ ಗೆದ್ದವರು ಜನತಾದಳದ ಬಿ.ಎಲ್. ಶಂಕರ್. ಅದೇ ವರ್ಷದ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರ ಸರ್ಕಾರ ಧ್ವನಿಮತದಿಂದ ವಿಶ್ವಾಸ ಗಳಿಸಿತು. 1997ರ ಏಪ್ರಿಲ್ 11ರಂದು ಮತವಿಭಜನೆ ನಡೆದಾಗ 158–292ರಿಂದ ಬಿದ್ದುಹೋಯಿತು. ದೇವೇಗೌಡರು ಆಗ ರಾಜ್ಯಸಭಾ ಸದಸ್ಯರಾಗಿದ್ದುದರಿಂದ ತಮ್ಮದೇ ಸರ್ಕಾರದ ಅಳಿವು ಉಳಿವಿನ ಮತದಲ್ಲಿ ಭಾಗವಹಿಸುವಂತಿರಲಿಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಿಂದ ಸೋತಾಗ ಚಿಕ್ಕಮಗಳೂರಿನ ಸ್ಥಾನ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಅವರದಾಗಿತ್ತು. ಎರಡು ಸಲವೂ ಈ ಕ್ಷೇತ್ರದ ಸದಸ್ಯರ ಪಕ್ಷ ಸೋತ ಸರ್ಕಾರದ ಕಡೆಗಿತ್ತು, ಆದರೆ ಪಕ್ಷಗಳು ಬೇರೆ ಬೇರೆ.

ರಾಜ್ಯದಲ್ಲಿ ವಿಶ್ವಾಸಮತಕ್ಕೆ ಇಂದಿನ ತೂಕ ಬಂದದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಿಂದ. ಬಹುಮತ ತೋರಿಸಲು ಅವಕಾಶ ಕೊಡದೆ 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಲಾಗಿತ್ತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂದು ಸುಪ್ರೀಂ ಕೋರ್ಟ್ 1994ರ ಮಾರ್ಚ್ 11ರಂದು ಹೇಳಿತು. ಆ ಪರೀಕ್ಷೆಯನ್ನು ಯಾವ ವಿಧಾನದಲ್ಲಿ ನಡೆಸಬೇಕೆಂಬ ಜಗಳ 2010ರಲ್ಲಿ ಎದ್ದಿತು. ಆ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಕಡೂರಿನಲ್ಲಿ ಉಪಚುನಾವಣೆ ನಡೆದು ಸ್ಥಾನ ಬಿಜೆಪಿ ಪಾಲಾಗಿತ್ತು. ಅಕ್ಟೋಬರ್ 11ರಂದು, 11 ಬಿಜೆಪಿ ಶಾಸಕರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದ ಬೆನ್ನಲ್ಲೇ, ಗದ್ದಲದ ನಡುವೆ ಯಡಿಯೂರಪ್ಪ ಸರ್ಕಾರ ಧ್ವನಿಮತದಿಂದ ಗೆದ್ದಿತು. ಅದನ್ನು ಒಪ್ಪದ ರಾಜ್ಯಪಾಲರು ಮತ್ತೆ ಮತಕ್ಕೆ ಹಾಕಲು ಸೂಚಿಸಿದರು. ಅಕ್ಟೋಬರ್ 14ರ ತಲೆ ಎಣಿಕೆಯಲ್ಲಿ 106–100 ಬಂತು. ಫಲಿತಾಂಶ ಎರಡು ಸಲವೂ ಒಂದೇ, ಆದರೆ ಮೊದಲನೆಯದರಿಂದ ಅಂತರ ಎಷ್ಟೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಆ ಅನರ್ಹತೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು.

ಸದನದಲ್ಲಿ ಇಲ್ಲದಿರುವುದೂ ಒಂದು ನಿಲುವೇ ಎಂಬುದಕ್ಕೆ 2018–19ರ ಘಟನೆಗಳು ಸಾಕ್ಷಿ. 2018ರಲ್ಲಿ ಕಡೂರಿನಿಂದ ಗೆದ್ದವರು ಬಿಜೆಪಿಯ ಬೆಳ್ಳಿ ಪ್ರಕಾಶ್. ಮೇ 25ರಂದು ಎಚ್.ಡಿ. ಕುಮಾರಸ್ವಾಮಿ ವಿಶ್ವಾಸಮತ ಕೇಳಿದಾಗ ಬಿಜೆಪಿ ಸದಸ್ಯರು ಸಭಾತ್ಯಾಗ ಮಾಡಿದರು, ಪ್ರಸ್ತಾವ ಧ್ವನಿಮತದಿಂದ ಅಂಗೀಕಾರವಾಯಿತು. 2019ರ ಜುಲೈ 23ರಂದು ಅದೇ ಮುಖ್ಯಮಂತ್ರಿಯ ವಿಶ್ವಾಸಮತ 99–105ರಿಂದ ಬಿದ್ದಿತು. ಬಿಜೆಪಿಯ 105 ಶಾಸಕರೂ ವಿರುದ್ಧ ಎದ್ದು ನಿಂತರು. ಮೊದಲ ಸಲ ಕಡೂರಿನ ಮತ ಯಾವ ಲೆಕ್ಕದಲ್ಲೂ ಇಲ್ಲ. ಎರಡನೆಯ ಸಲ ಸರ್ಕಾರ ಬೀಳಿಸಿದ ಲೆಕ್ಕದಲ್ಲಿದೆ. ಎರಡು ಸಲವೂ ಪಕ್ಷದ ನಿಲುವು ವಿರೋಧವೇ ಆಗಿತ್ತು. 2019ರ ಆ ದಿನ ಸರ್ಕಾರದ ಕಡೆಯ ಸುಮಾರು 20 ಮಂದಿ ಸದನಕ್ಕೆ ಬರಲೇ ಇಲ್ಲ. ಸರ್ಕಾರದ ಗತಿ ನಿರ್ಧಾರವಾದದ್ದು ಅವರ ಗೈರುಹಾಜರಿಯಿಂದ.

ಮತಕ್ಕೇ ಬಾರದೆ ಹೋದ ಪ್ರಸ್ತಾವವೂ ಈ ತಾಲ್ಲೂಕಿನ ಚರಿತ್ರೆಯಲ್ಲಿದೆ. ಸಖರಾಯಪಟ್ಟಣದ ಎಸ್.ಎಲ್. ಧರ್ಮೇಗೌಡರು ಬೀರೂರು ಕ್ಷೇತ್ರದ ಶಾಸಕರಾಗಿದ್ದು, ಆಮೇಲೆ ವಿಧಾನ ಪರಿಷತ್ತಿನ ಉಪಸಭಾಪತಿಯಾದವರು. ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಅವರ ವಿರುದ್ಧದ ಅವಿಶ್ವಾಸ ಸೂಚನೆಯ ಸಂದರ್ಭದಲ್ಲಿ, 2020ರ ಡಿಸೆಂಬರ್ 15ರಂದು, ಪೀಠದಲ್ಲಿ ಕುಳಿತಿದ್ದ ಧರ್ಮೇಗೌಡರನ್ನು ಸದಸ್ಯರು ಎಳೆದು ಕೆಳಗಿಳಿಸಿದರು. ಪರಿಷತ್ತಿನಲ್ಲಿ ಅಂದು ಮತ ನಡೆಯಲಿಲ್ಲ. ಧರ್ಮೇಗೌಡರು ಅದೇ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಸಭಾಪತಿ 2021ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು.

ಈ ಸೀಮೆಯ ಮತದ ದಾಖಲೆಯನ್ನು ಒಂದೇ ಹೆಸರಿನಡಿ ಕೊನೆತನಕ ಹಿಂಬಾಲಿಸಲೂ ಆಗದು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ತರೀಕೆರೆ ಹೊಸ ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಹೋಯಿತು. ಆದ್ದರಿಂದ ಸಿಂಗಟಗೆರೆಯ ಮತದಾರರ ಸಂಸದರು ಯಾವ ಪ್ರಸ್ತಾವಕ್ಕೆ ಹೇಗೆ ಮತ ಹಾಕಿದರೆಂದು ತಿಳಿಯಲು 1977ರಿಂದ 2004ರಲ್ಲಿ ಆಯ್ಕೆಯಾದ ಲೋಕಸಭೆಯವರೆಗೆ ಚಿಕ್ಕಮಗಳೂರಿನ ಸದಸ್ಯರ ಹೆಸರನ್ನು, 2009ರಿಂದ ಈಚೆಗೆ ಹಾಸನದ ಸದಸ್ಯರ ಹೆಸರನ್ನು ಪಟ್ಟಿಯಲ್ಲಿ ಹುಡುಕಬೇಕು. ಹೆಸರುಪಟ್ಟಿ ಇಲ್ಲದ ಧ್ವನಿಮತದ ಕಲಾಪಗಳಲ್ಲಿ ಪಕ್ಷದ ನಿಲುವೊಂದೇ ಸಿಗುವ ಸುಳಿವು.